ಯುದ್ಧ ಆಗಂಗಿಲ್ಲ ಅಂದಿದ್ದ ಮೇಡಂ

ಕುಷ್ಟಗಿಯಲ್ಲಿ ರೇಣುಕಾದೇವಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ರಶಿಯಾ ಮೇಡಂ ಮನೆ ಎಂದರೆ ಆಟೋದವರು ಬಾಗಿಲಿಗೇ ತಂದು ಬಿಡುತ್ತಾರೆ. ನಮ್ಮೂರೇ ಹಾಗೆ. ಒಬ್ಬರನ್ನು ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗದೆ ಒಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತದೆ. ಆಕೆ ರಶಿಯಾ ಕಂಡವಳಲ್ಲ. ದಿಲ್ಲಿಗೆ ಒಮ್ಮೆ ಮಾತ್ರ ಹೋಗಿದ್ದಳು, ಅದೂ ಯಾವುದೋ ಗ್ರಂಥಾಲಯದಲ್ಲಿ ಪುಸ್ತಕ ನೋಡಲು. ಅಲ್ಲಿಂದ ಒಂದು ಚೀಲ ಜೆರಾಕ್ಸ್ ಮತ್ತು ತಿಂಗಳು ಬಿಡದ ಕೆಮ್ಮು ತಂದಳು.

ಇಲ್ಲಿಯ ಕಾಲೇಜಿನಲ್ಲಿ ಆಕೆ ರಾಜ್ಯಶಾಸ್ತ್ರ ಕಲಿಸುತ್ತಾಳೆ. ವಯಸ್ಸು ನಲವತ್ತರ ಹತ್ತಿರ. ಮದುವೆಯಾಗಿಲ್ಲ. ಯಾಕೆ ಎಂಬುದಕ್ಕೆ ಊರಿನಲ್ಲಿ ಹಲವು ಕಾರಣ ಚಾಲ್ತಿಯಲ್ಲಿವೆ, ಯಾವುದೂ ನಿಜವಲ್ಲ. ಜೊತೆಯವರೆಲ್ಲ ಪಿಎಚ್.ಡಿ.ಗೆ ಗ್ರಾಮ ಪಂಚಾಯಿತಿ, ಮಹಿಳಾ ಮೀಸಲಾತಿ ಎಂದು ಕೈಗೆಟುಕುವ ವಿಷಯ ಹಿಡಿದರೆ, ರಶಿಯಾ ತನ್ನ ನೆರೆಯ ಸಣ್ಣ ದೇಶಗಳ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಈಕೆ ಹಿಡಿದಳು. “ಕುಷ್ಟಗಿಗೂ ಮಾಸ್ಕೋಕ್ಕೂ ಏನ್ ಸಂಬಂಧರಿ ಮೇಡಂ?” ಎಂದು ಇತಿಹಾಸದ ಶಾಂತಕುಮಾರ ಸರ್ ಕೇಳಿದಾಗ ಸ್ಟಾಫ್ ರೂಮೆಲ್ಲ ನಕ್ಕಿತು. ಆಕೆಯೂ ನಕ್ಕಳು.

ಸಂಬಂಧ ಇತ್ತು, ಹೇಳಿಕೊಳ್ಳಲಿಲ್ಲ ಅಷ್ಟೆ. ಹುಟ್ಟೂರು ಹುಲಿಹೈದರದಲ್ಲಿ ಆಕೆಯ ಅಪ್ಪ ಮಾರೆಪ್ಪನ ಹೊಲಕ್ಕೆ ಹೊಂದಿ ಒಬ್ಬ ದೊಡ್ಡ ಕುಳದ ಹೊಲವಿತ್ತು. ಆತ ವರ್ಷವೂ ಉಳುವಾಗ ಬದುವನ್ನು ಒಂದಿಷ್ಟು ಈಚೆಗೆ ಒತ್ತುತ್ತಿದ್ದ. ಕೇಳಲು ಹೋದರೆ ಬಡಿಗೆ ಹಿಡಿದು ಬದುವಿನ ಮೇಲೆ ನಿಂತುಬಿಡುತ್ತಿದ್ದ. ಹುಡುಗಿ ರೇಣುಕಾ ಹೆದರಿ ಅಪ್ಪನ ಅಂಗಿ ಜಗ್ಗಿದರೆ ಮಾರೆಪ್ಪ ಹೇಳುತ್ತಿದ್ದ: “ಅಂವ ಹೊಡಿಯಾಂವ ಅಲ್ಲ ಬಿಡವಾ. ಹೊಡಿಯಾಂವ ಆಗಿದ್ರ ಇಷ್ಟೊತ್ತು ಬಡಿಗಿ ತೋರಿಸ್ಕೊಂತ ನಿಂದ್ರತಿದ್ದಿಲ್ಲ.” ಆತ ಹೊಡೆಯಲೂ ಇಲ್ಲ. ಬದು ಮಾತ್ರ ಸರಿಯುತ್ತ ಬಂತು.

ಮುಂದೆ ಪಿಎಚ್.ಡಿ.ಗೆ ವಿಷಯ ಹುಡುಕುವಾಗ ಆಕೆ ಜಾರ್ಜಿಯಾ ದೇಶದ ಒಂದು ವರದಿ ಓದಿದಳು. ಅಲ್ಲಿ 2008ರ ಯುದ್ಧ ಮುಗಿದ ಮೇಲೂ ರಶಿಯಾದ ಸೈನಿಕರು ಬೇಲಿಯನ್ನು ಆಗಾಗ ಮುಂದಕ್ಕೆ ಸರಿಸುತ್ತಿದ್ದರಂತೆ. ರೈತ ಬೆಳಗ್ಗೆ ಎದ್ದು ನೋಡಿದರೆ ಮುಳ್ಳುತಂತಿ ತನ್ನ ತೋಟದೊಳಗೆ ಬಂದಿರುತ್ತಿತ್ತಂತೆ. ಇದು ನಮ್ಮ ಹೊಲದ ಕತೆಯೇ ಎನ್ನಿಸಿ ಆಕೆಯ ಕಣ್ಣು ಒದ್ದೆಯಾಯಿತು. ಅಂದಿನಿಂದ ಬಿಡದೆ ಓದಿದಳು. ಅದೆಷ್ಟೋ ವರ್ಷ ಓದಿ, ದೊಡ್ಡ ದೊಡ್ಡ ಶಬ್ದಗಳಲ್ಲಿ ಬರೆದು ಕೊನೆಗೆ ಮುಟ್ಟಿದ ನಿರ್ಣಯ ಮಾತ್ರ ಮಾರೆಪ್ಪನದೇ. ರಶಿಯಾ ಗಡಿಗೆ ಸೇನೆ ತಂದು ನಿಲ್ಲಿಸುವುದು ಹೆದರಿಸಿ ತನಗೆ ಬೇಕಾದ್ದನ್ನು ಪಡೆಯಲಿಕ್ಕೆ, ಯಾರೂ ಕೆಣಕದೆ ತಾನಾಗಿ ಮೇಲೆ ಬೀಳಲಿಕ್ಕಲ್ಲ.

ಆಕೆ ಬಾಡಿಗೆಗಿದ್ದದ್ದು ಗೊಬ್ಬರದ ಅಂಗಡಿಯ ಕೊಟ್ರಬಸಪ್ಪನವರ ಮನೆಯ ಮಹಡಿಯಲ್ಲಿ. ಕೆಳಗೆ ಅವರು ಮತ್ತು ಹೆಂಡತಿ ವಿರೂಪಾಕ್ಷಮ್ಮ. ಒಬ್ಬಳೇ ಮಗಳು ಲಲಿತಾ ಡಾಕ್ಟರಾಗಲು ಉಕ್ರೇನಿನ ಖಾರ್ಕಿವ್ ಎಂಬ ಊರಿಗೆ ಹೋಗಿದ್ದಳು. ಆ ದೇಶದ ಬಗ್ಗೆ ವಿರೂಪಾಕ್ಷಮ್ಮನಿಗೆ ಎಷ್ಟು ಕೇಳಿದರೂ ಸಾಲದು, ರೇಣುಕಾದೇವಿಗೆ ಎಷ್ಟು ಹೇಳಿದರೂ ಸಾಲದು. ಇಬ್ಬರಿಗೂ ಗೆಳೆತನವಾಗಲು ಇನ್ನೇನು ಬೇಕು? ಸಂಜೆ ವಿರೂಪಾಕ್ಷಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಅಲಸಂದಿ ಹಸನು ಮಾಡುತ್ತಿದ್ದರೆ, ಕಾಲೇಜಿನಿಂದ ಬಂದ ರೇಣುಕಾದೇವಿ ಮಹಡಿ ಹತ್ತದೆ ಅಲ್ಲೇ ಕಂಬಕ್ಕೆ ಒರಗಿ ಕೂಡುತ್ತಿದ್ದಳು.

“ಇವತ್ತೇನ್ ಬರದ್ರಿ ಮೇಡಮ್ಮಾರ?”

“ಗ್ಯಾಸ್ ಪೈಪಿನ ಬಗ್ಗೆ ಬರದ್ನಿರಿ ಅಕ್ಕಾರ. ರಶಿಯಾದ ಗ್ಯಾಸು ಉಕ್ರೇನ್ ದಾಟಿ ಯುರೋಪಿಗೆ ಹೊಕ್ಕೈತಿ.”

“ನಮ್ಮ ಲಲಿತಾನ ರೂಮು ಬೆಚ್ಚಗ ಇಡೂದು ಅದ ಗ್ಯಾಸೇನ್ರಿ?”

“ಅದೂ ಇದ್ದೀತ್ರಿ.”

ಪ್ರಬಂಧದ ಮಾರ್ಗದರ್ಶಕರು ಒಂದೊಂದು ಅಧ್ಯಾಯವನ್ನೂ ತಿಂಗಳುಗಟ್ಟಲೆ ಇಟ್ಟುಕೊಂಡು, ಪುಟ ಮಡಚಿದ ಗುರುತೂ ಇಲ್ಲದಂತೆ ವಾಪಸು ಕೊಡುತ್ತಿದ್ದರು. ಆ ಪ್ರಬಂಧವನ್ನು ಮೊದಲಿಂದ ಕೊನೆಯವರೆಗೆ ಕೇಳಿದವರು ಈ ಭೂಮಿಯ ಮೇಲೆ ವಿರೂಪಾಕ್ಷಮ್ಮ ಒಬ್ಬರೇ. ಅವರು ಕೇಳುತ್ತಿದ್ದದ್ದು ಮಗಳಿಗೋಸ್ಕರ ಎಂಬುದು ರೇಣುಕಾದೇವಿಗೂ ಗೊತ್ತಿತ್ತು. ಆದರೂ ದಿನದಲ್ಲಿ ಆ ಒಂದು ಹೊತ್ತಿಗಾಗಿ ಆಕೆ ಕಾಯುತ್ತಿದ್ದಳು.

2021ರ ಕೊನೆಗೆ ಪ್ರಬಂಧ ಸಲ್ಲಿಸಿದಳು. ಅದೇ ಹೊತ್ತಿಗೆ ಉಕ್ರೇನಿನ ಗಡಿಯಲ್ಲಿ ರಶಿಯಾದ ಸೇನೆ ಮತ್ತೆ ಜಮಾಯಿಸಿತು. ಆ ವರ್ಷದ ಬೇಸಿಗೆಯಲ್ಲೂ ಹೀಗೇ ಬಂದು ಹಿಂದೆ ಸರಿದಿತ್ತು, ಹಾಗಾಗಿ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಫೆಬ್ರುವರಿ ಬಂತು. ಅಲ್ಲಿ ಇರಲೇಬೇಕಾದ ಅಗತ್ಯವಿಲ್ಲದ ವಿದ್ಯಾರ್ಥಿಗಳು ಊರಿಗೆ ಮರಳಬಹುದು ಎಂದು ಭಾರತದ ರಾಯಭಾರ ಕಚೇರಿ ಹೇಳಿತು. ಲಲಿತಾಳ ಕಾಲೇಜು ಮಾತ್ರ ರಜೆ ಕೊಡಲಿಲ್ಲ. ಎಂದೂ ಮಹಡಿ ಹತ್ತದ ವಿರೂಪಾಕ್ಷಮ್ಮ ಆ ಸಂಜೆ ತಾವೇ ಹತ್ತಿ ಬಂದರು.

“ಮೇಡಮ್ಮಾರ, ಹುಡುಗೀನ ಕರಸಲೇನ್ರಿ? ಇವರು ಕರಸು ಅಂತಾರ, ಅಕಿ ಪರೀಕ್ಷಾ ಅದಾವು, ಒಲ್ಲೆ ಅಂತಾಳ. ನೀವು ಹೆಂಗ ಹೇಳ್ತೀರಿ ಹಂಗ.”

ಇಷ್ಟು ವರ್ಷಗಳಲ್ಲಿ ಆಕೆಯ ಓದನ್ನು ನಂಬಿ ಒಂದು ಮಾತು ಕೇಳಿದವರು ಯಾರೂ ಇರಲಿಲ್ಲ. ಆಕೆಗೆ ಖುಷಿಯಾಯಿತು. ಆಮೇಲೆ ಆಕೆಯನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿದ್ದು ಆ ಖುಷಿಯೇ.

“ಯುದ್ಧ ಆಗಂಗಿಲ್ರಿ ಅಕ್ಕಾರ. ಹೆದರಸಾಕ ನಿಂತಾರ. ಹೊಡಿಯಾವ್ರಾಗಿದ್ರ ಇಷ್ಟ ದಿನ ನಿಂದ್ರತಿದ್ದಿಲ್ಲ. ಪರೀಕ್ಷಾ ಮುಗಿಸ್ಕೊಂಡ ಬರಲಿ.”

ಪ್ರಬಂಧದ ಪುಟಪುಟದಲ್ಲೂ ‘ಇರಬಹುದು’, ‘ಸಾಧ್ಯತೆ ಇದೆ’ ಎಂದು ಬರೆದವಳ ಬಾಯಲ್ಲಿ ಆ ಹೊತ್ತಿನಲ್ಲಿ ಅಂಥ ಒಂದು ಶಬ್ದವೂ ಬರಲಿಲ್ಲ. ವಿರೂಪಾಕ್ಷಮ್ಮ ನಿರಾಳವಾಗಿ ಇಳಿದು ಹೋದರು.

ಮುಂದಿನ ವಾರ ಯುದ್ಧ ಶುರುವಾಯಿತು. ಲಲಿತಾ ಹಾಸ್ಟೆಲಿನ ನೆಲಮಾಳಿಗೆ ಸೇರಿದಳು. ಮೇಲೆ ಬಾಂಬು, ಕೆಳಗೆ ಬಿಸ್ಕಿಟು. ಫೋನಿನಲ್ಲಿ ಚಾರ್ಜ್ ಉಳಿಸಲು ಒಂದೇ ಮಾತು, “ಅದೀನಿ ಅವ್ವಾ,” ಎಂದು ಕಟ್ ಮಾಡುತ್ತಿದ್ದಳು. ಕೆಳಗಿನ ಪಡಸಾಲೆಯ ತುಂಬ ಬೀಗರು, ಬಳಗ. ರೇಣುಕಾದೇವಿ ದಿನವೂ ಹೋಗಿ ಕಂಬದ ಹತ್ತಿರ ಕೂತಳು. ಆಕೆಗೆ ಕೂಡು ಎಂದವರಿಲ್ಲ, ಏಳು ಎಂದವರೂ ಇಲ್ಲ. ಕೊಟ್ರಬಸಪ್ಪನವರು ಒಮ್ಮೆ, “ದೊಡ್ಡ ದೊಡ್ಡವ್ರ ಲೆಕ್ಕಾನ ತಪ್ಪೇತಿ, ನೀವೇನ್ ಮಾಡ್ತೀರಿ ಬಿಡ್ರಿ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆಕೆ ಮಹಡಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ಹುಡುಗಿ ರೈಲಿನಲ್ಲಿ ನಿಂತುಕೊಂಡೇ ದೇಶ ದಾಟಿ, ಗಡಿಯ ಹಿಮದಲ್ಲಿ ಕಾದು, ಮಾರ್ಚಿನಲ್ಲಿ ಮನೆ ಮುಟ್ಟಿದಳು. ಊರ ಪ್ರಮುಖರು ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಅದರಲ್ಲಿ ನಮ್ಮವರು ಯಾವತ್ತೂ ಹಿಂದೆ ಬೀಳುವುದಿಲ್ಲ. ಎಷ್ಟೋ ದಿನ ಲಲಿತಾ ಮಲಗುವಾಗ ಬೂಟು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳಂತೆ. ಇದನ್ನು ರೇಣುಕಾದೇವಿಗೆ ಹೇಳಿದವರು ಕಸಮುಸುರೆಗೆ ಬರುವ ಪಕ್ಕೀರವ್ವ, ಮನೆಯವರಲ್ಲ.

ವಿರೂಪಾಕ್ಷಮ್ಮ ಬೈಯಲಿಲ್ಲ. ಮನೆ ಬಿಡಿ ಎನ್ನಲಿಲ್ಲ. ಅಮಾವಾಸ್ಯೆಗೆ ಹೋಳಿಗೆ, ನಡುನಡುವೆ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಮೊದಲಿನಂತೆಯೇ ಮೇಲೆ ಬರುತ್ತಿದ್ದವು. ಸಂಜೆ ಎದುರಾದರೆ “ಊಟ ಆತೇನ್ರಿ?” ಎನ್ನುವರು, “ನಳ ಬಂದಾವ್ರಿ,” ಎನ್ನುವರು. ರಶಿಯಾದ ಮಾತು ಮಾತ್ರ ಕೇಳಲಿಲ್ಲ. ರೇಣುಕಾದೇವಿ ಕಂಬದ ಹತ್ತಿರ ಒಂದು ಗಳಿಗೆ ನಿಂತು, ಕೂಡುವುದೋ ಬಿಡುವುದೋ ತಿಳಿಯದೆ ಮೇಲೆ ಹೋಗುವಳು. ಒಮ್ಮೆ ಕೂಗಾಡಿ ಜಗಳವಾಡಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಕೆಗೆ ಎಷ್ಟೋ ಸಲ ಅನ್ನಿಸಿತು.

ಆ ವರ್ಷ ಮಳೆಗಾಲ ಮುಗಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಪ್ರಬಂಧದ ಮೌಖಿಕ ಪರೀಕ್ಷೆಯಾಯಿತು. “ನಿನ್ನ ಅಧ್ಯಯನದ ಅವಧಿ 2020ಕ್ಕೆ ಮುಗೀತದ. ಮುಂದಿಂದು ಮೈಮ್ಯಾಲೆ ಹಾಕ್ಕೋಬ್ಯಾಡ,” ಎಂದು ಮಾರ್ಗದರ್ಶಕರು ಮೊದಲೇ ಎಚ್ಚರಿಸಿದ್ದರು. ಆದರೆ ಯಾರಾದರೂ ಕೇಳಲಿ, ಈ ನಿರ್ಣಯ ತಪ್ಪು ಎಂದು ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದುಕೊಂಡೇ ಆಕೆ ಹೋಗಿದ್ದಳು. ಹೊರಗಿನ ಪರೀಕ್ಷಕರು ಅಡಿಟಿಪ್ಪಣಿಗಳ ಬಗ್ಗೆ ಕೇಳಿದರು, ಭಾರತದ ನಿಲುವು ಕೇಳಿದರು, ರೈಲಿನ ಹೊತ್ತಾಯಿತೆಂದು ಎದ್ದರು. ಶಾಲು, ಹಾರ, ಊಟ. ರೇಣುಕಾದೇವಿ ಡಾಕ್ಟರ್ ರೇಣುಕಾದೇವಿಯಾಗಿ ಕುಷ್ಟಗಿಗೆ ಬಂದಿಳಿದಳು. “ಈಗರ ಹೇಳ್ರಿ ಮೇಡಂ, ಯುದ್ಧಕ್ಕ ಏರಿದ ಸೂರ್ಯಕಾಂತಿ ಎಣ್ಣಿ ರೇಟು ಯಾವಾಗ ಇಳಿತೈತಿ?” ಎಂದು ಶಾಂತಕುಮಾರ ಸರ್ ಕೇಳಿದರು. ಸ್ಟಾಫ್ ರೂಮು ಮತ್ತೆ ನಕ್ಕಿತು.

ಮುಂದಿನ ವರ್ಷ ಒಂದು ಸಂಜೆ ವಿರೂಪಾಕ್ಷಮ್ಮ ಎರಡನೆಯ ಸಲ ಮಹಡಿ ಹತ್ತಿ ಬಂದರು.

“ಲಲಿತಾನ ಜಾರ್ಜಿಯಾಕ್ಕ ಕಳಸಾಕತ್ತೇವ್ರಿ. ಉಳಿದ ವರ್ಷ ಅಲ್ಲೇ ಓದತಾಳಂತ. ಗುರುವಾರ ಹೋಗ್ತಾಳ, ಹೇಳಿ ಹೋಗೂಣು ಅಂತ ಬಂದೆ.”

ಜಾರ್ಜಿಯಾ! ಪ್ರಬಂಧದ ಎರಡು ಅಧ್ಯಾಯ ಅದೇ. 2008ರಲ್ಲಿ ಯಾವ ರಸ್ತೆಯಲ್ಲಿ ರಶಿಯಾದ ಟ್ಯಾಂಕುಗಳು ಬಂದವು, ರಾಜಧಾನಿಗೆ ಎಷ್ಟು ಹತ್ತಿರ ಬಂದು ನಿಂತವು ಎಂಬುದನ್ನು ಈ ಸೀಮೆಯಲ್ಲಿ ಹೇಳಬಲ್ಲವರು ಆಕೆಯ ಹೊರತು ಇನ್ನೊಬ್ಬರಿರಲಾರರು. ಅವರು ಕೇಳಲಿ ಎಂದು ಆಕೆ ಕಾದಳು. ವಿರೂಪಾಕ್ಷಮ್ಮ ವಿಮಾನದಲ್ಲಿ ಎಷ್ಟು ಕಿಲೋ ಬಿಡುತ್ತಾರೆ ಎಂದರು, ಚಟ್ನಿಪುಡಿ ಕುಟ್ಟಿಸಿದ್ದೇನೆ ಎಂದರು, ಅಲ್ಲಿಯೂ ಚಳಿಯಂತೆ ಎಂದರು. ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದರು.

ರೇಣುಕಾದೇವಿಗೆ ತಡೆಯಲಾಗಲಿಲ್ಲ.

“ಅಕ್ಕಾರ, ಅಲ್ಲಿ ಮುಂದ ಏನ್ ಆಗತೈತೋ ನನಗ ಗೊತ್ತಿಲ್ರಿ. ಇಷ್ಟ ವರ್ಷ ಅದನ್ನ ಓದೀನಿ, ಆದ್ರೂ ಗೊತ್ತಿಲ್ಲ.”

ವಿರೂಪಾಕ್ಷಮ್ಮ ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಅವತ್ತ ಇಷ್ಟ ಹೇಳಿದ್ರ ಅಕಿನ್ನ ಕರಸ್ಕೊಂತಿದ್ನಿರಿ ಮೇಡಮ್ಮಾರ.”

ಅಂದು, ಮೊಣಕಾಲು ನೋವಿಗೆ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿಯತೊಡಗಿದರು. ಕೈ ಹಿಡಿದು ಇಳಿಸಬೇಕೆಂದು ರೇಣುಕಾದೇವಿ ಬಾಗಿಲವರೆಗೆ ಬಂದಳು. ಹಿಡಿದರೆ ಬಿಡಿಸಿಕೊಂಡಾರು ಎಂದು ಹೆದರಿ ಅಲ್ಲೇ ನಿಂತಳು.