ಇಟ್ಟಿಗೆಗೆ ಒರಗಿದ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪಿನ ಪರದೆ ತಾನಾಗಿ ನಿಲ್ಲುತ್ತಿರಲಿಲ್ಲ. ಹಿಂದೆ ಒಂದು ಇಟ್ಟಿಗೆ ಇಟ್ಟಿದ್ದೆ. ಬ್ಯಾಟರಿ ಉಬ್ಬಿದ್ದರಿಂದ ಬಿಚ್ಚಿ ತೆಗೆದಿದ್ದೆ. ವಯರು ಹಚ್ಚಿದರೆ ಮಾತ್ರ ಅದಕ್ಕೆ ಜೀವ. ಸ್ವಿಚ್ ಒತ್ತಿ, ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು, ಹೋಟೆಲಿನವರ ಕೆಮ್ಮನ್ನು ಅವರಿಗೇ ಮಾಡಿ ತೋರಿಸಿ, ಬೈಸಿಕೊಂಡು ವಾಪಸ್ಸು ಬರುವಷ್ಟರಲ್ಲಿ ಅದು ಎದ್ದಿರುತ್ತಿತ್ತು. ಎದ್ದ ಮೇಲೆ ಒಳಗಿನ ಫ್ಯಾನು ಚಟ್ನಿ ರುಬ್ಬುವ ಮಿಕ್ಸಿಯ ಹಾಗೆ ಸದ್ದು ಮಾಡುತ್ತಿತ್ತು. ಆ ಸದ್ದನ್ನೂ ನಾನು ಮಾಡಬಲ್ಲೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನಲ್ಲಿ ಸದ್ದು ಮಾಡುವ ಯಾವುದನ್ನಾದರೂ ಮಾಡಬಲ್ಲೆ. ಬಸ್ಸಿನ ಬಾಗಿಲು ಬಡಿಯುವ ಕಂಡಕ್ಟರು, ಸಂಘದ ಸಭೆಯಲ್ಲಿ ಮೈಕಿಗೆ ಫೂ ಫೂ ಎಂದು ಊದಿ ನೋಡುವ ಅಧ್ಯಕ್ಷರು, ಮದುವೆ ಊಟದಲ್ಲಿ 'ಸಾರು ಸಾರು' ಎಂದು ಕೂಗುತ್ತ ನಮ್ಮ ಎಲೆಯನ್ನು ಬಿಟ್ಟು ಮುಂದೆ ಓಡುವವರು, ಯಾರು ಬೇಕು ಹೇಳಿ.

ಹೊಟ್ಟೆಪಾಡಿಗೆ ಬೇರೆ ಕೆಲಸವಿತ್ತು. ಬಾಳಗಡಿಯಲ್ಲಿ ನನ್ನದೊಂದು ಸಣ್ಣ ಮಳಿಗೆ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ, ಕಣ್ಣಿನ ತಪಾಸಣೆ, ನಾಳೆ ದಿನವಿಡೀ ಕರೆಂಟಿಲ್ಲ ಎನ್ನುವ ಸುದ್ದಿ, ಇಂಥವನ್ನು ರೆಕಾರ್ಡ್ ಮಾಡಿ ಪೆನ್ ಡ್ರೈವಿಗೆ ಹಾಕಿ ಕೊಡುವುದು ನನ್ನ ಪಾಲು. ಅದನ್ನು ಆಟೋದ ಮೇಲೆ ಕಟ್ಟಿದ ಮೈಕಿನಲ್ಲಿ ಊರೂರು ತಿರುಗಿಸುವುದು ನನ್ನ ಗೆಳೆಯನ ಪಾಲು. ಧ್ವನಿ ಮಾತ್ರ ನಮ್ಮಿಬ್ಬರದೂ ಅಲ್ಲ. ಅದು ಅಣ್ಣನದು.

ಅಣ್ಣ ಎಂದರೆ ನನ್ನ ಒಡಹುಟ್ಟಿದವರಲ್ಲ. ವಯಸ್ಸಿಗೆ ಸರಿಯಾಗಿ ದೊಡ್ಡಪ್ಪ ಎನ್ನಬೇಕಿತ್ತು. ಹಾಗೆ ಕರೆದರೆ ಸಿಟ್ಟಾಗುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದ ಪ್ರಚಾರದ ಮೈಕಿನಲ್ಲಿ ಮಾತಾಡುತ್ತಿದ್ದವರು ಅವರು. 'ಆತ್ಮೀಯ ನಾಗರಿಕ ಬಂಧುಗಳೇ' ಎಂದು ಶುರು ಮಾಡಿದರೆ ಅಂಗಡಿಯ ತಕ್ಕಡಿ ಸಹ ಒಂದು ಗಳಿಗೆ ನಿಲ್ಲುತ್ತಿತ್ತು. ನಾನು ಮೊದಲು ಕಲಿತ ಮಿಮಿಕ್ರಿ ಅವರದೇ. ಅವರ ಎದುರಿಗೇ ಮಾಡಿ, ಕಿವಿ ಹಿಂಡಿಸಿಕೊಂಡು, ಅದೇ ಕಿವಿಯಿಂದ ಕೆಲಸಕ್ಕೆ ಸೇರಿದವನು.

ಎರಡು ವರ್ಷದ ಹಿಂದೆ ಅವರ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಹೋಗುವ ಮುಂಚೆ ಮೂರು ದಿನ, ಹೊರಗಿನ ಸದ್ದು ಬಾರದ ಹಾಗೆ ನಮ್ಮ ಮಳಿಗೆಗೆ ಕಂಬಳಿ ಕಟ್ಟಿಕೊಂಡು ಕೂತು, ನಾವು ಅವರ ಮಾತು ರೆಕಾರ್ಡ್ ಮಾಡಿ ಕೂಡಿಟ್ಟೆವು. ಸೋಮವಾರದಿಂದ ಭಾನುವಾರದ ತನಕ ವಾರಗಳು ಏಳು. ಒಂದರಿಂದ ಮೂವತ್ತೊಂದರ ತನಕ ತಾರೀಖು. ಬೆಳಿಗ್ಗೆ, ಸಂಜೆ, ಸರಿಯಾಗಿ, ಗಂಟೆಗೆ. ಬಾಳೆಹೊನ್ನೂರು, ನೆಮ್ಮಾರ್, ಹೀಗೆ ನೆನಪಿಗೆ ಬಂದ ಊರೆಲ್ಲ. 'ತಮಗೆಲ್ಲರಿಗೂ ಆದರದ ಸ್ವಾಗತ'ವನ್ನು ನಾಲ್ಕು ಥರ ಹೇಳಿದರು. ಮೂರನೆಯ ದಿನ ಧ್ವನಿ ಒಡೆಯುತ್ತಿತ್ತು. ಆಮೇಲೆ ಹೋದರು. ಬಂದರು. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ಮಫ್ಲರ್.

ಅಲ್ಲಿಂದ ಶುರುವಾಯಿತು ನನ್ನ ಟೈಲರ್ ಕೆಲಸ. ಲ್ಯಾಪ್‌ಟಾಪಿನಲ್ಲಿ ಅಣ್ಣನ ಮಾತು ಕತ್ತರಿಸಿ, ಒಂದಕ್ಕೊಂದು ಹೊಲಿದು, ಹೊಸ ಪ್ರಚಾರ ಮಾಡುತ್ತಿದ್ದೆ. ಇಲ್ಲದ ಮಾತನ್ನು ಅವರ ಧ್ವನಿಯಲ್ಲಿ ನಾನೇ ಹೇಳಿ ನಡುವೆ ತುರುಕುತ್ತಿದ್ದೆ. ಬರಬರುತ್ತ ತುರುಕಿದ್ದೇ ಜಾಸ್ತಿಯಾಯಿತು. ಯಾರಿಗೂ ಗೊತ್ತಾಗಲಿಲ್ಲ. ಅಣ್ಣ ದಿನಾ ಬಂದು ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ನನಗೂ ಏನೂ ಅನ್ನಿಸುತ್ತಿರಲಿಲ್ಲ. ಕೈ ಮಂಜುಗಡ್ಡೆ ಹಿಡಿದು ಬಿಟ್ಟ ಮೇಲೆ ಇರುತ್ತದಲ್ಲ, ಕಂಡರೂ ನಮ್ಮದಲ್ಲದ ಹಾಗೆ, ಹಾಗಿತ್ತು.

ಒಂದು ಮಾತು ಬರೆಯದೆ ಮುಂದೆ ಹೋಗಬಾರದು. ಆಸ್ಪತ್ರೆಯವರು ಅಣ್ಣನಿಗೆ ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದರು. ಅದನ್ನು ಮೊದಲ ಸಲ ತಂದದ್ದು ನಮ್ಮ ಮಳಿಗೆಗೇ. ಒತ್ತಿ ಹಿಡಿದು, "ಹೇಗೆ ಕೇಳ್ತದೆ?" ಎಂದರು. ತಗಡಿನ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ, ಏರಿಲ್ಲ ಇಳಿತವಿಲ್ಲ. ನಾನು ಒಂದು ಕ್ಷಣವೂ ತಡೆಯದೆ ಅದೇ ಧ್ವನಿಯಲ್ಲಿ, "ಚೆನ್ನಾಗಿ ಕೇಳ್ತದೆ" ಎಂದೆ. ಆಟೋ ಗೆಳೆಯ ನಗುತ್ತ ನೆಲಕ್ಕೆ ಕೂತುಬಿಟ್ಟ. ಅಣ್ಣನೂ ನಕ್ಕರು. ಮರುದಿನದಿಂದ ಯಂತ್ರ ತರಲಿಲ್ಲ. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು. ನಾನು ಆಗ ಅದನ್ನು ಗಮನಿಸಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಗಮನಿಸಿದ್ದೆ.

ಹೊಸ ಲ್ಯಾಪ್‌ಟಾಪಿನ ಮಾತು ಬಂದದ್ದು ನರಸಿಂಹರಾಜಪುರದ ವಾಲಿಬಾಲ್ ಪಂದ್ಯಾವಳಿಯಿಂದ. ಬೆಳಿಗ್ಗೆಯಿಂದ ಹೊಲಿದ ಪ್ರಚಾರ ಮುಗಿಯಲು ಎರಡು ಮಾತು ಬಾಕಿ ಇರುವಾಗ ಕರೆಂಟು ಹೋಯಿತು. ಲ್ಯಾಪ್‌ಟಾಪೂ ಹೋಯಿತು. ಮತ್ತೆ ಬಂದಾಗ ಮೊದಲಿನಿಂದ ಶುರು ಮಾಡಿದೆ. ಮತ್ತೆ ಹೋಯಿತು. ಮೂರನೆಯ ಸಲ ಆಟೋ ಗೆಳೆಯ ಹಾರನ್ ಒತ್ತಿ ಹಿಡಿದೇ ಒಳಗೆ ಕೂಗಿದ.

"ಎಂತ ಮಾರಾಯ, ಪಂದ್ಯ ಮುಗಿದ ಮೇಲೆ ಪ್ರಚಾರಕ್ಕೆ ಹೋಗದಾ ನಾನು? ಒಂದು ಹೊಸದು ತಗೊಳ್ಳೋ."

"ಹೊಸದರಲ್ಲಿ ಅಣ್ಣನ ಧ್ವನಿ ಓಡದಿಲ್ಲ" ಎಂದೆ. ಎರಡು ವರ್ಷದಿಂದ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೆ. ಹಸಿ ಸುಳ್ಳು. ಕಾಪಿ ಮಾಡಲು ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು ಎಂದು ನನಗೆ ಗೊತ್ತಿತ್ತು. ಹಳೆಯದು ಇರುವ ತನಕ ಆ ಧ್ವನಿಯನ್ನು ಏನು ಮಾಡುವುದು ಎಂದು ತೀರ್ಮಾನಿಸಬೇಕಾಗಿರಲಿಲ್ಲ, ಅಷ್ಟೆ.

ಮರುದಿನ ಕೊಪ್ಪದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಕಾಲೇಜಿನವನೇ. ನನ್ನ ಲ್ಯಾಪ್‌ಟಾಪಿನ ಕಥೆ ಕೇಳಿ, "ಇಟ್ಟಿಗೆಗೆ ವಾರಂಟಿ ಇದ್ಯಾ?" ಎಂದ. ಆಮೇಲೆ ಒಂದು ಹೊಸ ಮಾಡೆಲ್ ತೆರೆದಿಟ್ಟ. ನನ್ನ ಫೋನಿನಿಂದ ಅಣ್ಣನ ಹಳೆಯ ಪ್ರಚಾರ ಒಂದನ್ನು ತೆಗೆದುಕೊಂಡು ಅದಕ್ಕೆ ತಿನ್ನಿಸಿದ. ಏನೋ ಟೈಪ್ ಮಾಡಿದ.

"ಆತ್ಮೀಯ ನಾಗರಿಕ ಬಂಧುಗಳೇ" ಎಂದಿತು ಲ್ಯಾಪ್‌ಟಾಪ್, ಅಣ್ಣನ ಧ್ವನಿಯಲ್ಲಿ. "ಈ ಲ್ಯಾಪ್‌ಟಾಪನ್ನು ಇಂದೇ ಖರೀದಿಸಿ, ಗೆಳೆಯನ ತಲೆ ತಿನ್ನುವುದನ್ನು ನಿಲ್ಲಿಸಿ."

'ಬಂಧುಗಳೇ' ಎನ್ನುವ ಮುಂಚೆ ಅಣ್ಣ ಸಣ್ಣಗೆ ಒಂದು ಉಸಿರು ತೆಗೆದುಕೊಳ್ಳುತ್ತಿದ್ದರು. ಅದೂ ಬಂತು. ಅದನ್ನು ಹಿಡಿಯಲು ನನಗೆ ಮೂರು ವರ್ಷ ಬೇಕಾಗಿತ್ತು.

"ಕತ್ತರಿಸದೂ ಇಲ್ಲ, ಹೊಲಿಯದೂ ಇಲ್ಲ" ಎಂದ ಅಂಗಡಿಯವನು. "ಟೈಪ್ ಮಾಡು, ಓದ್ತದೆ. ನೀನೂ ಬೇಡ."

"ನಾನು ಯಾವತ್ತು ಬೇಕಾಗಿದ್ದೆ?" ಎಂದೆ, ಅವನದೇ ಧ್ವನಿಯಲ್ಲಿ. ಅವನು ನಕ್ಕ. ನಾಳೆ ಅಣ್ಣನನ್ನು ಕರೆದುಕೊಂಡು ಬರುತ್ತೇನೆ, ಅವರು ಹೂಂ ಎಂದರೆ ಇದೇ ಇರಲಿ ಎಂದು ಹೇಳಿ ಬಂದೆ. ಅವರು ಹೂಂ ಎನ್ನುತ್ತಾರೆ ಎಂದೇ ಲೆಕ್ಕ ಹಾಕಿದ್ದೆ. ತನ್ನ ಧ್ವನಿ ತನ್ನ ನಂತರವೂ ಇರುತ್ತದೆ ಎಂದರೆ ಯಾರಿಗೆ ಬೇಡ?

ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಮರುದಿನ ಅಣ್ಣನೂ ನಾನೂ ಇಳಿದಾಗ ನಮ್ಮ ಆಟೋ ಅಲ್ಲೇ ಸುತ್ತುತ್ತಿತ್ತು. ಅಂತೂ ಇಂತೂ ಮುಗಿಸಿ ಕೊಟ್ಟಿದ್ದ ವಾಲಿಬಾಲ್ ಪ್ರಚಾರ. ಅಣ್ಣನ ಧ್ವನಿ ಬಸ್ಸುಗಳ ಮೇಲಿಂದ ಹಾಯ್ದು ನಮ್ಮ ಮುಂದೆ ಹೋಯಿತು. ಅದರ ಹಿಂದೆಯೇ, ನೆಮ್ಮಾರ್ ಕಡೆಯ ಒಬ್ಬರು ಕೈಚೀಲ ಹಿಡಿದು ನಗುತ್ತ ಬಂದರು.

"ಓ, ನಮಸ್ಕಾರ! ಈಗಷ್ಟೇ ಕೇಳ್ದೆ ನಿಮ್ಮ ಧ್ವನಿ. ಯಾವತ್ತು ಪಂದ್ಯ? ಗಲಾಟೆಲಿ ಸರಿ ಕೇಳಿಲ್ಲ."

ಅಣ್ಣ ಕೈ ಮುಗಿದರು. ಬಂದವರು ಉತ್ತರಕ್ಕೆ ಕಾದರು. ಅಣ್ಣ ಜೇಬಿನ ನೋಟ್‌ಬುಕ್ಕಿಗೆ ಕೈ ಹಾಕಿದರು. ಅಷ್ಟರಲ್ಲಿ ಆ ಮನುಷ್ಯರ ನಗು ಅರ್ಧಕ್ಕೆ ನಿಂತಿತು.

"ಹೋದ ವರ್ಷ ಶೃಂಗೇರಿಯಲ್ಲೂ ಹೀಗೇ ಮಾಡಿದ್ರಿ. ಮೈಕಲ್ಲಾದ್ರೆ ಬಂಧುಗಳು. ಎದುರಿಗೆ ಸಿಕ್ಕಿದ್ರೆ ಒಂದು ಮಾತಿಲ್ಲ. ದೊಡ್ಡೋರಾಗಿದೀರಿ ಬಿಡಿ."

ನಾನು ಅಣ್ಣನ ಬೆನ್ನ ಹಿಂದೆಯೇ ನಿಂತಿದ್ದೆ. ಬಾಯಿ ತನ್ನ ಪಾಡಿಗೆ ತಾನು ತೆರೆಯಿತು.

"ಶನಿವಾರ ಸಂಜೆ ಸರಿಯಾಗಿ ಆರು ಗಂಟೆಗೆ. ತಪ್ಪದೆ ಬರಬೇಕು."

ಅಣ್ಣನ ಧ್ವನಿ. ಉಸಿರಿನ ಸಮೇತ. ಆ ಮನುಷ್ಯರ ಮುಖ ಅರಳಿತು. "ಹಾಂ, ಅಷ್ಟು ಹೇಳಿದ್ರೆ ಸಾಕಪ್ಪ" ಎಂದು ಅಣ್ಣನ ಭುಜ ತಟ್ಟಿ ಬಸ್ಸು ಹತ್ತಿದರು. ಅಣ್ಣನ ತುಟಿ ಮುಚ್ಚಿದ್ದೇ ಇತ್ತು ಎಂಬುದನ್ನು ಅವರು ನೋಡಿರಲಿಲ್ಲ.

ಅಣ್ಣ ತಿರುಗಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದುಕೊಂಡೆ. ಕಿವಿ ಹಿಂಡಲು ಅನುಕೂಲವಾಗಲಿ ಎಂದು ಸ್ವಲ್ಪ ಬಗ್ಗಿದೆ ಸಹ. ಅವರು ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕು ತೆರೆದರು. ನಿಧಾನವಾಗಿ ಬರೆದರು.

'ಎರಡು ವರ್ಷದಿಂದ ಎಷ್ಟು ಜನ ಹೀಗೆ ಹೇಳಿ ಹೋದರು ಗೊತ್ತುಂಟಾ? ಧ್ವನಿ ಊರೆಲ್ಲ ತಿರುಗುತ್ತದೆ. ನನಗೆ ಮಾತು ಹೋಗಿದೆ ಅಂದರೆ ಯಾರು ನಂಬುತ್ತಾರೆ?'

ಹಾಳೆ ತಿರುಗಿಸಿದರು.

'ಹೊಸದು ತಗೋ. ಅದರೊಳಗೆ ನನ್ನನ್ನು ಹಾಕಬೇಡ.'

ನಾನು ಎರಡನ್ನೂ ಓದಿದೆ. ಮೊದಲು ನನಗೆ ಕಂಡದ್ದು ಅಕ್ಷರ ಎಷ್ಟು ದುಂಡಗಿದೆ ಎಂಬುದು. ಎದೆ ಒಡೆಯಿತು, ಕಣ್ಣು ತುಂಬಿತು ಎಂದು ಬರೆದರೆ ಅದೂ ಮಿಮಿಕ್ರಿಯಾಗುತ್ತದೆ. ಕಡಲೆಕಾಯಿ ಮಾರುವವರ ಕೂಗು ಕೇಳುತ್ತಿತ್ತು. "ಆತು" ಎಂದೆ.

ಅಂಗಡಿಯವನಿಗೆ ಬೇಸರವಾಯಿತು. "ಅದಕ್ಕೇ ಅಲ್ವಾ ಮಾರಾಯ ಈ ಮಾಡೆಲ್ ತೋರ್ಸಿದ್ದು?" ಎಂದ. ಅದಕ್ಕಿಂತ ಕಡಿಮೆಯದನ್ನು ತೆಗೆದುಕೊಂಡೆ. ಬ್ಯಾಟರಿ ಒಳಗೇ ಇತ್ತು, ಪರದೆ ತಾನಾಗಿ ನಿಲ್ಲುತ್ತಿತ್ತು, ನನಗೆ ಅಷ್ಟು ಸಾಕು. ಚೀಲದಲ್ಲಿ ತಂದಿದ್ದ ಹಳೆಯದರಿಂದ ಏನೇನು ಕಾಪಿ ಮಾಡಬೇಕು ಎಂದು ಅವನು ಕೇಳಿದ. ಗಿರಾಕಿಗಳ ಪಟ್ಟಿ, ಬಿಲ್ಲು, ನನ್ನ ಫೋಟೋ ಎಂದೆ. 'ಅಣ್ಣ' ಎನ್ನುವ ಫೋಲ್ಡರಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದ. ನಾನು ಅಣ್ಣನನ್ನು ನೋಡಿದೆ. ಅಣ್ಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ಬೇಡ ಎಂದೆ. ಹಳೆಯದನ್ನು ಅಲ್ಲೇ ಅಳಿಸಲು ಹಾಕಿದೆವು. ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ ಹೋಯಿತು. ವಾರಗಳು ಏಳು, ತಾರೀಖು ಮೂವತ್ತೊಂದು, ಊರುಗಳು. ಫ್ಯಾನು ಕೊನೆಯ ತನಕ ಚಟ್ನಿ ರುಬ್ಬುತ್ತಲೇ ಇತ್ತು.

ಹೊಸದರಲ್ಲಿ ಮೊದಲ ಪ್ರಚಾರ ಶೃಂಗೇರಿಯ ಕಣ್ಣಿನ ತಪಾಸಣೆಯದು. ಕಂಬಳಿ ಕಟ್ಟಿಕೊಂಡು ಕೂತೆ. ನನ್ನ ಧ್ವನಿಯಲ್ಲೇ ಹೇಳೋಣ ಎಂದುಕೊಂಡು ಬಾಯಿ ತೆರೆದರೆ ಮೊದಲು ಅಧ್ಯಕ್ಷರು ಬಂದರು, ಆಮೇಲೆ ಕಂಡಕ್ಟರು. ಹನ್ನೊಂದನೆಯ ಸಲಕ್ಕೆ ಯಾರೂ ಬರಲಿಲ್ಲ; ತೆಳ್ಳಗಿನ, ಮೂಗಿನ ಒಂದು ಧ್ವನಿ ಬಂತು. ಅದನ್ನೇ ಪೆನ್ ಡ್ರೈವಿಗೆ ಹಾಕಿದೆ. ಆಟೋ ಗೆಳೆಯ ಅರ್ಧ ನಿಮಿಷ ಕೇಳಿದ.

"ಇದು ಯಾರ ಮಿಮಿಕ್ರಿ ಮಾರಾಯ?"

"ಯಾರೋ ಹೊಸಬ."

"ಚೂರೂ ಸಮ ಆಗಿಲ್ಲ" ಎಂದು ಹೇಳಿ ಗಾಡಿ ಸ್ಟಾರ್ಟ್ ಮಾಡಿದ.

ಕೆಲವು ವಾರ ಕಳೆದ ಮೇಲೆ ಅಣ್ಣನಿಗೂ ನನಗೂ ಅದೇ ಬಸ್‌ಸ್ಟ್ಯಾಂಡಿನಲ್ಲಿ ಅದೇ ನೆಮ್ಮಾರ್ ಕಡೆಯವರು ಸಿಕ್ಕಿದರು. ಈ ಸಲ ನಮಸ್ಕಾರ ಇರಲಿಲ್ಲ, ನೇರ ಪ್ರಶ್ನೆ.

"ಎಂತಕ್ಕೆ ಮೈಕಲ್ಲಿ ನಿಮ್ಮ ಧ್ವನಿ ಇಲ್ಲ? ಯಾವನೋ ಮೂಗ್ನಲ್ಲಿ ಕೊರಿತಾನೆ."

ಆ ಯಾವನೋ ಪಕ್ಕದಲ್ಲೇ ನಿಂತು ಬಾಳೆಹಣ್ಣು ತಿನ್ನುತ್ತಿದ್ದ. ಅಣ್ಣ ಮಫ್ಲರ್ ಸಡಿಲಿಸಿದರು. ಆ ಮನುಷ್ಯರು ಕುತ್ತಿಗೆಯ ತೂತು ನೋಡಿದರು. ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಏನು ಮಾಡಬೇಕೆಂದು ತೋಚದೆ ಅಣ್ಣನ ಕಿವಿಯ ಹತ್ತಿರ ಬಾಯಿ ತಂದು, ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡುವ ಹಾಗೆ ಕಿರುಚಿದರು.

"ಕಾಫಿ! ಕುಡೀತೀರಾ? ಕಾಫಿ!"

ಅಣ್ಣ ನೋಟ್‌ಬುಕ್ಕಿನ ಜೇಬು ಬಿಟ್ಟು ಇನ್ನೊಂದು ಜೇಬಿಗೆ ಕೈ ಹಾಕಿದರು. ಆ ಯಂತ್ರ ಇತ್ತು. ಯಾವತ್ತಿನಿಂದ ಅಲ್ಲಿತ್ತೋ ನನಗೆ ಗೊತ್ತಿಲ್ಲ. ಗಂಟಲಿಗೆ ಒತ್ತಿ ಹಿಡಿದರು.

"ಕೂಗಬೇಡಿ. ಕಿವಿ ಕೇಳ್ತದೆ."

ಡಬ್ಬಿಯೊಳಗಿನ ಜೀರುಂಡೆ. ಆ ಮನುಷ್ಯರು ಮೊದಲು ಗಾಬರಿಯಾದರು, ಆಮೇಲೆ ನಕ್ಕರು. ಅಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮಾಡ್ತೀಯಾ, ಮಾಡು ಎನ್ನುವ ಹಾಗೆ.

ನನ್ನ ಬಾಯಲ್ಲಿ ಬಾಳೆಹಣ್ಣಿತ್ತು. ಅದನ್ನು ನುಂಗುವ ತನಕ ಕಾದೆ. ನುಂಗಿದ ಮೇಲೂ ಮಾಡಲಿಲ್ಲ. ಅವರಿಬ್ಬರೂ ಹೋಟೆಲಿನ ಕಡೆ ನಡೆದರು. ನಾನು ಸಿಪ್ಪೆ ಎಸೆದು ಹಿಂದೆ ಹೋದೆ.