ಸೌಂಡ್ ಕಾರ್ಡಿನ ಅಕಾಲ ಮರಣ

ಕಂಪ್ಯೂಟರ್ ರಿಪೇರಿಯವನಿಗೆ ಅತ್ತೆಯ ಮೇಲೆ ಬೇರೆ ಯಾವ ದೂರೂ ಇರಲಿಲ್ಲ. ಆಕೆ ಮನೆಯ ಕಂಪ್ಯೂಟರಿನಲ್ಲಿ ಪತ್ತೇದಾರಿ ಧಾರಾವಾಹಿ ಹಚ್ಚಿದರೆ ಎದುರುಮನೆಯ ಗೋಡೆಯ ಸುಣ್ಣ ಉದುರುತ್ತಿತ್ತು, ಪಕ್ಕದ ಬೀದಿಯ ಕಳ್ಳರು ತಾವಾಗಿಯೇ ಠಾಣೆಗೆ ಹೋಗಿ ಶರಣಾಗುತ್ತಿದ್ದರು, ಅಷ್ಟೇ. “ಸ್ವಲ್ಪ ಕಡಿಮೆ ಮಾಡಿ” ಎನ್ನಲು ಅವನಿಗೆ ಧೈರ್ಯವಿರಲಿಲ್ಲ, ವಿದ್ಯೆಯಿತ್ತು. ಒಂದು ದಿನ, ಕಂಪ್ಯೂಟರ್ ಪೂರ್ತಿ ಕಣ್ಣು ಬಿಡುವ ಮುಂಚೆಯೇ ಬಯೋಸ್ ಎಂಬ ಅದರ ಒಳಕೋಣೆಗೆ ನುಗ್ಗಿ, ಸೌಂಡ್ ಕಾರ್ಡನ್ನು ಆಫ್ ಮಾಡಿ, ಯಾರೂ ಮುಟ್ಟದಂತೆ ಪಾಸ್‌ವರ್ಡ್ ಜಡಿದು ಹೊರಬಂದ. ಸೌಂಡ್ ಕಾರ್ಡ್ ಇಲ್ಲವೆಂದು ಬಯೋಸೇ ಹೇಳಿದ ಮೇಲೆ ಆಪರೇಟಿಂಗ್ ಸಿಸ್ಟಮ್ ಪಾಲಿಗೂ ಅದು ಇಲ್ಲ. ಮೂಲೆಮೂಲೆ ತಡಕಾಡಿ, ಸೌಂಡ್ ಕಾರ್ಡೇ ಕಾಣುತ್ತಿಲ್ಲವೆಂದು ಸಿಸ್ಟಮ್ ಕೈಚೆಲ್ಲಿತು.

“ಹೋಗ್ಬಿಡ್ತು ಅತ್ತೆ,” ಎಂದ, ಮುಖ ಇಳಿಬಿಟ್ಟು. “ಪಾಪ, ನರಳಲೂ ಇಲ್ಲ.”

“ನರಳೋಕೆ ಅದಕ್ಕೆ ಸೌಂಡೇ ಇರ್ಲಿಲ್ವಲ್ಲಪ್ಪ,” ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮನೆಯಲ್ಲಿ ಇರುವೆ ನಡೆದರೂ ಕೇಳುವಷ್ಟು ಶಾಂತಿ ನೆಲೆಸಿತು. ಆಮೇಲೊಂದು ಬೆಳಿಗ್ಗೆ ಹೆಂಡತಿ ಬಂದು ನಿಂತಳು. ರೈಲ್ವೆ ಸ್ಟೇಷನ್ನಿನಲ್ಲಿ ಪ್ರಕಟಣೆ ಹೇಳುವ ಕೆಲಸ ಸಿಗಬೇಕೆಂಬುದು ಅವಳ ಬಹುದಿನದ ಆಸೆ. ನಿದ್ದೆಯಲ್ಲೂ ರೈಲು ಹೊರಡಿಸುತ್ತಿದ್ದಳು.

“ರೀ, ಇಂಟರ್‌ವ್ಯೂಗೆ ಕರೆದಿದ್ದಾರೆ. ಹನ್ನೊಂದಕ್ಕೆ, ಕಂಪ್ಯೂಟರಲ್ಲೇ. ಫೋನಲ್ಲಿ ಆಗಲ್ವಂತೆ. ಸೌಂಡ್ ಸರಿ ಮಾಡ್ಕೊಡಿ.”

“ಅದೇನು, ಚಿಟಿಕೆ ಹೊಡೆಯೋದ್ರೊಳಗೆ,” ಎಂದು ಕೂತವನಿಗೆ ಪಾಸ್‌ವರ್ಡ್ ಮರೆತಿತ್ತು. ಹೆಂಡತಿಯ ಹೆಸರು ಹಾಕಿದ, ಅತ್ತೆಗೆ ಮನಸ್ಸಿನಲ್ಲೇ ಇಟ್ಟಿದ್ದ ಹೆಸರುಗಳನ್ನೆಲ್ಲ ಹಾಕಿದ. ಬಯೋಸ್ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಅವನ ಬೆವರಿಗೆ ಕೀಬೋರ್ಡ್ ತೇಲತೊಡಗಿತು.

ಅತ್ತೆ ಹಿಂದಿನಿಂದ ಬಗ್ಗಿ ನೋಡಿದರು. “ಸತ್ತೋಗಿರೋದಕ್ಕೆ ಬೀಗ ಯಾಕಪ್ಪ ಹಾಕಿದ್ರಿ ಅಳಿಯಂದ್ರೇ?”

ಕೊನೆಗೆ ಪೆಟ್ಟಿಗೆ ಬಿಚ್ಚಿ, ಬಯೋಸಿನ ನೆನಪನ್ನು ಕಾಯುವ ಗುಂಡಿಯಂಥ ಬ್ಯಾಟರಿಯನ್ನು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದ. ಸ್ಪೀಕರ್ ಟಿಂಗ್ ಎಂದಿತು. ಕಂಪ್ಯೂಟರಿನ ತಾರೀಖು ಮಾತ್ರ ಅವನ ಮದುವೆಗೂ ಹಿಂದಕ್ಕೆ ಓಡಿತ್ತು. ಒಂದು ಕ್ಷಣ ಅವನಿಗೂ ಹಾಯೆನಿಸಿತು. ತಾರೀಖು ತಿದ್ದುತ್ತ, ಗೆದ್ದ ಖುಷಿಯಲ್ಲಿ ಬಾಯಿಬಿಟ್ಟ: “ನೋಡಿದ್ರಾ, ಬ್ಯಾಟರಿ ತೆಗೆದ್ರೆ ನಾನು ಆಫ್ ಮಾಡಿದ್ದನ್ನೆಲ್ಲ ಮರೆತುಬಿಡುತ್ತೆ.”

“ನೀವು ಆಫ್ ಮಾಡಿದ್ದಾ?” ಎಂದಳು ಹೆಂಡತಿ, ಬಹಳ ಮೆಲ್ಲಗೆ.

ಅಷ್ಟರಲ್ಲಿ ಹನ್ನೊಂದಾಯಿತು. ಪರದೆಯ ಮೇಲೆ ಅಧಿಕಾರಿಯ ಮುಖ ಮೂಡಿತು. “ನಿಮಗೆ ತೋಚಿದ ಒಂದು ಪ್ರಕಟಣೆ ಹೇಳಿ ಮೇಡಂ.”

ಹೆಂಡತಿ ಸೆರಗು ಸರಿಮಾಡಿಕೊಂಡಳು. “ಪ್ರಯಾಣಿಕರ ಗಮನಕ್ಕೆ. ಬದುಕಿದ್ದ ಸೌಂಡ್ ಕಾರ್ಡನ್ನು ಸತ್ತಿತೆಂದು ಹೇಳಿ ಅತ್ತೆಯನ್ನು ಅಳಿಸಿದ ಅಳಿಯಂದಿರು ಇನ್ನು ಕೆಲವೇ ಕ್ಷಣಗಳಲ್ಲಿ ಈ ಮನೆಯಿಂದ ಹೊರಡಲಿದ್ದಾರೆ. ಅವರಿಗಾಗುವ ಅನಾನುಕೂಲಕ್ಕೆ ನಾವು ವಿಷಾದಿಸುವುದಿಲ್ಲ.”

ಅಧಿಕಾರಿ ಮುಂದಿದ್ದ ಹಾಳೆಯ ಮೇಲೆ ಗುರುತು ಹಾಕಿಕೊಂಡ.

“ದನಿ ಗಟ್ಟಿಯಾಗಿದೆ. ಸೋಮವಾರದಿಂದ ಬನ್ನಿ,” ಎಂದ. “ಒಂದೇ ಒಂದು ಕೊರತೆ ಮೇಡಂ, ಎಷ್ಟನೇ ಪ್ಲಾಟ್‌ಫಾರ್ಮಿಂದ ಅಂತ ಹೇಳ್ಲಿಲ್ಲ.”

ರಿಪೇರಿಯವನು ಆಗಲೇ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದ.