ಸೂತಕದ ಮನೆಯಲ್ಲಿ ಹಿಪ್‌ಹಾಪ್

ಸಿಂಗಪುರದ ಯಿಶುನ್‌ನ ನಮ್ಮ ಫ್ಲಾಟಿನಲ್ಲಿ ಹುರುಳಿಕಾಯಿ ಸೋಸುತ್ತಿದ್ದಾಗ, ಅತ್ತೆ ತೀರಿಕೊಂಡರೆಂದು ಮೈಸೂರಿನಿಂದ ಫೋನ್ ಬಂತು. ಯಜಮಾನರು ಊರಿಗೆ ಹೊರಟರು. ಅಜ್ಜಿಯ ಮಡಿಲಲ್ಲೇ ಬೆಳೆದಿದ್ದ ಮಗಳು ಮೇಘನಾ ಅಳಲೂ ಇಲ್ಲ, ಉಣ್ಣಲೂ ಇಲ್ಲ. ಸೂತಕವಾದ್ದರಿಂದ ದೀಪ ಹಚ್ಚಿ ದೇವರಲ್ಲಿ ಮೊರೆಯಿಡುವಂತೆಯೂ ಇರಲಿಲ್ಲ. ಮರುದಿನ ಅವಳ ಕೋಣೆಯಿಂದ ಹಾಡು ಕೇಳಿಸಿತು.

“ಸೂತಕದ ಮನೇಲಿ ಕುಣಿಯೋ ಹಾಡೇನೇ?”

“ಕುಣಿಯೋದಲ್ಲ ಲಾ, ಅಮ್ಮ!” ಮಗಳು ಇಲ್ಲಿನವರ ಹಾಗೆ ‘ಲಾ’ ಸೇರಿಸಿ ಅಂದಳು. “ಅಮೆರಿಕದ ಸೌತ್ ಕಡೆ ಹಿಪ್‌ಹಾಪ್ ಅಂದ್ರೆ ಬರೀ ಡ್ಯಾನ್ಸ್ ಅನ್ಕೋತಾರೆ. ಈ ಹಾಡೋನು ತೀರ್ಕೊಂಡ ತನ್ನ ಅಜ್ಜೀನ ಚೆನ್ನಾಗಿ ನೋಡ್ಕೋ ಅಂತ ದೇವ್ರನ್ನ ಕೇಳ್ತಿದಾನೆ.”

ಪಕ್ಕದಲ್ಲಿ ಕೂತೆ. ಮಾತು ತಿಳಿಯದಿದ್ದರೂ ಮೊರೆ ತಿಳಿಯಿತು. ಹಾಡು ಮುಗಿಯುವಷ್ಟರಲ್ಲಿ ಮೇಘನಾ ನನ್ನ ತೊಡೆಯ ಮೇಲೆ ಬಿಕ್ಕಿಬಿಕ್ಕಿ ಅಳುತ್ತಿದ್ದಳು.

ವರ್ಷಗಳಾದರೂ ಆ ದನಿ ಕಿವಿಯಲ್ಲಿದೆ. ನಾನಿಡಲಾಗದ ಮೊರೆಯನ್ನು ದೇವರು ಯಾರದೋ ಬಾಯಿಂದ ಹೇಳಿಸಿದ್ದ. ಅಂದು ಅತ್ತು ಮುಗಿಸಿದ ಮಗಳು “ಹಸಿವು” ಅಂದಳು. ನಾನು ಅನ್ನಕ್ಕಿಡಲು ಎದ್ದೆ.